ಹೊರುವ ನೆತ್ತರು, ಬಿಡುವ ನೆತ್ತರು



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಒಬ್ಬ ಹೈಸ್ಕೂಲು ವಿಜ್ಞಾನ ಮಾಸ್ತರರ ಮಕ್ಕಳು. ಉಪನ್ಯಾಸ ಕನ್ನಡದಲ್ಲಿರಬೇಕು, ಹತ್ತನೇ ಇಯತ್ತೆ ಓದಿದವರಿಗೆ ತಿಳಿಯಬೇಕು ಎಂದು ಎರಡು ಕರಾರು ಹಾಕಿದ್ದಾರೆ. ಮೊದಲನೆಯದು ಕಷ್ಟವಲ್ಲ. ಎರಡನೆಯದನ್ನು ಪಾಲಿಸಬೇಕಾದರೆ ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯೆಯ ಪಾಠ ಹೇಳಿದ ಚಟವನ್ನು ಒಂದು ತಾಸು ಬಿಡಬೇಕು. ಬಿಡುವುದು ಕಷ್ಟದ ಕೆಲಸ. ಇವತ್ತಿನ ವಿಷಯವೂ ಒಂದು ರೀತಿಯಲ್ಲಿ ಅದೇ.

2021ರ ಮೇ ತಿಂಗಳು ನಿಮಗೆ ನೆನಪಿರಬೇಕು. 2ನೇ ತಾರೀಖಿನ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಸುದ್ದಿ ಬಂದ ಮೇಲಂತೂ ಪ್ರತಿ ಮನೆಯವರೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ ನೋಡಿಯೇ ಮಲಗುತ್ತಿದ್ದರು. ಶಿರಹಟ್ಟಿ ತಾಲೂಕಿನ ನಮ್ಮ ಊರಿನಿಂದ ಚಿಗವ್ವನ ಮಗ ಫೋನು ಮಾಡಿದ. ‘ಅಣ್ಣಾ, ಮಶೀನು 98 ತೋರ್ಸಾಕತ್ತೈತಿ. ಆದ್ರ ಅವ್ವಗ ಹಿತ್ತಲಕ ಹೋಗಿ ಬರೂದ್ರಾಗ ದಮ್ಮು ಹತ್ತತೈತಿ. ಮಶೀನು ಕೆಟ್ಟೈತೇನು?’ ಆಶಾ ಕಾರ್ಯಕರ್ತೆಯ ಇನ್ನೊಂದು ಯಂತ್ರ ತಂದು ಹಾಕಿದರು. ಅದೂ 98. ಕೊರೋನಾ ಪರೀಕ್ಷೆಯಲ್ಲಿ ಏನೂ ಇಲ್ಲ. ತುಟಿ ನೀಲಿಯಾಗಿದೆಯೇ ಎಂದು ಕೇಳಿದೆ. ‘ಇಲ್ಲ, ಬೆಳ್ಳಗಾಗ್ಯಾವು’ ಎಂದ. ಯಂತ್ರ ಸುಳ್ಳು ಹೇಳಿರಲಿಲ್ಲ, ಚಿಗವ್ವನ ದಮ್ಮೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗಿರಬಹುದು ಎಂಬುದನ್ನು ಹೇಳಲು ನೆತ್ತರು ಗಾಳಿಯನ್ನು ಹೊರುವ ಇಡೀ ಕಥೆಯನ್ನೇ ಹೇಳಬೇಕಾಗುತ್ತದೆ.

ಗೋಲಿ ಸೋಡಾದಿಂದ ಶುರು ಮಾಡೋಣ. ಬಾಟಲಿಯೊಳಗೆ ಗಾಳಿ ಕಾಣುವುದಿಲ್ಲ, ಬರೀ ನೀರು. ಗೋಲಿಯನ್ನು ಒತ್ತಿ ಕೆಳಗಿಳಿಸಿದೊಡನೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಒತ್ತಡ ಹೆಚ್ಚಿದ್ದಾಗ ಅನಿಲ ನೀರಿನಲ್ಲಿ ಕರಗಿ ಕೂರುತ್ತದೆ, ಒತ್ತಡ ಇಳಿದರೆ ಹೊರಗೆ ಬರುತ್ತದೆ. ನಮ್ಮ ಎದೆಯೊಳಗಿನ ಗಾಳಿಗೂಡುಗಳಲ್ಲಿ ಆಮ್ಲಜನಕದ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 100 ಮಿಲಿಮೀಟರು. ಕೆಲಸ ಮಾಡುವ ಸ್ನಾಯುವಿನೊಳಗೆ 40, ಕೆಲವೊಮ್ಮೆ 20ಕ್ಕೂ ಕೆಳಗೆ. ಹಾಗಾದರೆ ಎದೆಯಲ್ಲಿ ಕರಗಿಸಿಕೊಂಡು ಸ್ನಾಯುವಿನಲ್ಲಿ ಬಿಟ್ಟರಾಯಿತಲ್ಲ, ಮತ್ತೇನು ಬೇಕು?

ಅಷ್ಟರಿಂದ ಆಗುವುದಿಲ್ಲ, ಏಕೆಂದರೆ ಆಮ್ಲಜನಕ ನೀರಿನಲ್ಲಿ ಕರಗುವುದೇ ಅಪರೂಪಕ್ಕೆ. ಆ 100 ಮಿಲಿಮೀಟರ್ ಒತ್ತಡದಲ್ಲಿ 100 ಮಿಲಿಲೀಟರ್ ನೆತ್ತರಿನ ನೀರಂಶದಲ್ಲಿ ಕರಗುವುದು ಬರೀ 0.3 ಮಿಲಿಲೀಟರ್. ಸುಮ್ಮನೆ ಕುಳಿತ ದೊಡ್ಡ ಮನುಷ್ಯನಿಗೆ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬೇಕು. ಕರಗಿದ್ದನ್ನೇ ನಂಬಿದರೆ ಹೃದಯ ನಿಮಿಷಕ್ಕೆ 80 ಲೀಟರಿಗೂ ಹೆಚ್ಚು ನೆತ್ತರು ತಳ್ಳಬೇಕು. ಅದು ತಳ್ಳುವುದು 5 ಲೀಟರು. ಇಲ್ಲಿ ಕೂತು ನನ್ನ ಮಾತು ಕೇಳಲಿಕ್ಕೂ ನಮ್ಮ ಶಕ್ತಿ ಸಾಲುತ್ತಿರಲಿಲ್ಲ.

ಕರಗಿದ್ದನ್ನೇ ನಂಬಿ ಬದುಕುವ ಬೆನ್ನೆಲುಬಿನ ಪ್ರಾಣಿಯೂ ಒಂದಿದೆ. ಅಂಟಾರ್ಕ್ಟಿಕದ ಹಿಮಮೀನು. ಅದರ ನೆತ್ತರಿಗೆ ಬಣ್ಣವೇ ಇಲ್ಲ. ತಿಮಿಂಗಿಲದ ಬೇಟೆಗೆ ಹೋದವರು ಹೀಗೊಂದು ಮೀನಿದೆ ಎಂದು ಹೇಳುತ್ತಿದ್ದರು. ನಾರ್ವೆಯ ಯೋಹಾನ್ ರೂಡ್ ಅದರ ನೆತ್ತರನ್ನು ಪರೀಕ್ಷಿಸಿ 1954ರಲ್ಲಿ ಬರೆದ ಮೇಲೆ ಲೋಕ ನಂಬಿತು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಮೀನಿಗೆ ಬೇಕಾಗುವುದು ಕಡಿಮೆ. ಆದರೂ ಅದಕ್ಕೆ ದೊಡ್ಡ ಹೃದಯ ಬೇಕಾಗಿದೆ, ಅಗಲವಾದ ರಕ್ತನಾಳ ಬೇಕಾಗಿದೆ, ನೆತ್ತರೂ ಹೆಚ್ಚು ಬೇಕಾಗಿದೆ. ಗದುಗಿನ ಬಿಸಿಲಿಗೆ ಅದನ್ನು ತಂದಿಟ್ಟರೆ ಎಷ್ಟು ಹೊತ್ತು ಬದುಕೀತು ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ.

ನಮಗೆ ಕೆಂಪು ಕಣಗಳಿವೆ. ಒಂದು ಹನಿ ನೆತ್ತರಿನಲ್ಲಿ ಸುಮಾರು 25 ಕೋಟಿ. ಒಂದೊಂದರೊಳಗೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದು ಕಬ್ಬಿಣಕ್ಕೆ ಒಂದು ಆಮ್ಲಜನಕದ ಅಣು. ಕಬ್ಬಿಣ ಆಮ್ಲಜನಕದ ಹತ್ತಿರ ಬಂದರೆ ತುಕ್ಕು ಹಿಡಿಯಬೇಕು, ಅದು ನಾವು ಬಾವಿಯ ರಾಟೆಯಲ್ಲಿ ದಿನಾ ನೋಡುವ ಮಾತು. ಹಿಮೋಗ್ಲೋಬಿನ್ ಆ ಕಬ್ಬಿಣವನ್ನು ನೀರು ಸುಲಭವಾಗಿ ಹೊಗದ ಒಂದು ಸಂದಿಯಲ್ಲಿ ಕೂರಿಸಿ, ತುಕ್ಕಾಗದಂತೆ ಆಮ್ಲಜನಕವನ್ನು ಹಿಡಿದು ಮತ್ತೆ ಬಿಡುವಂತೆ ಮಾಡುತ್ತದೆ. ಈ ಕೆಂಪು ಕಣಕ್ಕೆ ಇನ್ನೊಂದು ಗುಣವಿದೆ. ಬಲಿಯುವಾಗ ತನ್ನ ಕೋಶಕೇಂದ್ರವನ್ನೂ ಆಮ್ಲಜನಕ ಉರಿಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾಗಳನ್ನೂ ಹೊರಗೆ ಹಾಕಿಬಿಡುತ್ತದೆ. ಮೂಟೆ ಹೊರುವ ಹಮಾಲ ಮೂಟೆಯೊಳಗಿನ ಕಾಳು ಮುಕ್ಕುವುದಿಲ್ಲ. 120 ದಿನ ಹೊತ್ತು ತಿರುಗಿ ಸಾಯುತ್ತದೆ. ನಾನು ಈ ವಾಕ್ಯ ಮುಗಿಸುವಷ್ಟರಲ್ಲಿ ನಿಮ್ಮ ಪ್ರತಿಯೊಬ್ಬರ ಎಲುಬಿನ ಮಜ್ಜೆಯಲ್ಲಿ ಹೊಸದಾಗಿ ಒಂದು ಕೋಟಿಯಾದರೂ ಹುಟ್ಟಿರುತ್ತವೆ.

ಲೆಕ್ಕ ಹೀಗಿದೆ. 100 ಮಿಲಿಲೀಟರ್ ನೆತ್ತರಿನಲ್ಲಿ 15 ಗ್ರಾಂ ಹಿಮೋಗ್ಲೋಬಿನ್, ಗ್ರಾಮಿಗೆ 1.34 ಮಿಲಿಲೀಟರ್ ಆಮ್ಲಜನಕ, ಒಟ್ಟು 20. ಕರಗಿದ್ದು 0.3 ಇದ್ದಲ್ಲಿ ಹೊತ್ತದ್ದು 20. ಈ 20ನ್ನು ನೆನಪಿಟ್ಟುಕೊಳ್ಳಿ, ಚಿಗವ್ವನ ಹತ್ತಿರ ಮರಳಿದಾಗ ಬೇಕಾಗುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಹಿಮೋಗ್ಲೋಬಿನ್ನನ್ನು ಹೊಗಳಿ ಮುಂದೆ ಹೋಗುತ್ತವೆ. ನನ್ನ ತಕರಾರು ಇರುವುದೇ ಇಲ್ಲಿ. ಗಟ್ಟಿಯಾಗಿ ಹಿಡಿಯುವುದು ದೊಡ್ಡ ಮಾತಲ್ಲ, ಹಾಗೆ ಹಿಡಿಯುವ ವಸ್ತು ರಸಾಯನಶಾಸ್ತ್ರದಲ್ಲಿ ಬೇಕಾದಷ್ಟಿವೆ. ಎದೆಯಲ್ಲಿ ಹಿಡಿದದ್ದನ್ನು ಎರಡಡಿ ಕೆಳಗೆ ತೊಡೆಯ ಸ್ನಾಯುವಿನಲ್ಲಿ, ಕೇಳಿದಷ್ಟು, ಕೇಳಿದ ಹೊತ್ತಿಗೆ ಬಿಡಬೇಕು. ನೆತ್ತರಿನ ಜಾಣತನವೆಲ್ಲ ಬಿಡುವುದರಲ್ಲಿದೆ.

ಸೋಡಾ ಬಾಟಲಿ ಒತ್ತಡ ಇಳಿದಷ್ಟೇ ಪ್ರಮಾಣದಲ್ಲಿ ಅನಿಲ ಬಿಡುತ್ತದೆ. ಹಿಮೋಗ್ಲೋಬಿನ್ ಹಾಗೆ ಮಾಡುವುದಿಲ್ಲ. ಒತ್ತಡ 100ರಿಂದ 60ಕ್ಕೆ ಇಳಿದರೂ ಅದರ ಹೊರೆ ನೂರಕ್ಕೆ 97ರಿಂದ 90ಕ್ಕೆ ಮಾತ್ರ ಇಳಿಯುತ್ತದೆ. ಹಾಗಾಗಿ ಲೇಹ್‌ನಂಥ ಎತ್ತರದ ಊರಿಗೆ ಹೋದವರೂ ತಕ್ಕಮಟ್ಟಿಗೆ ತುಂಬಿದ ನೆತ್ತರಿನಲ್ಲೇ ಓಡಾಡುತ್ತಾರೆ. ಅದೇ ಒತ್ತಡ 40ರಿಂದ 20ಕ್ಕೆ ಇಳಿದರೆ ಹೊರೆ 75ರಿಂದ 35ರ ಆಸುಪಾಸಿಗೆ ಕುಸಿಯುತ್ತದೆ. ಮೇಲೆ ಬಿಗಿ ಹಿಡಿತ, ಕೆಳಗೆ ಧಾರಾಳದ ಕೈ. ಸುಮ್ಮನೆ ಕೂತಾಗ ನೆತ್ತರು 20ರಲ್ಲಿ 5ನ್ನು ಮಾತ್ರ ಕೊಟ್ಟು 15ನ್ನು ಹಾಗೇ ಹಿಂದಕ್ಕೆ ತರುತ್ತದೆ. ಓಡುವವನ ಸ್ನಾಯು ಆ ಉಳಿತಾಯದಿಂದ ಇನ್ನಷ್ಟು ಎಳೆದುಕೊಳ್ಳುತ್ತದೆ.

ಈ ನಡತೆಯ ಗುಟ್ಟನ್ನು 1938ರಲ್ಲಿ ಪ್ರಾಗ್ ನಗರದಲ್ಲಿ ಫೆಲಿಕ್ಸ್ ಹೌರೋವಿಟ್ಸ್ ಎಂಬಾತ ಕಣ್ಣಾರೆ ಕಂಡ. ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ನಿನ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದ. ಆರು ಮೂಲೆಯ ತಟ್ಟೆಗಳಂಥ ಹರಳು. ಗಾಜಿನ ಅಂಚಿನಿಂದ ಗಾಳಿ ಒಳಗೆ ನುಸುಳಿತು. ತಟ್ಟೆಗಳು ಕರಗಿ ಹೋಗಿ ಆ ಜಾಗದಲ್ಲಿ ಸೂಜಿಯಂಥ ಕೆಂಪು ಹರಳು ಎದ್ದವು. ಆಮ್ಲಜನಕ ಬಂದು ಕೂತರೆ ಇಡೀ ಅಣುವಿನ ಆಕಾರವೇ ಬೇರೆಯಾಗುತ್ತದೆ ಎಂದಾಯಿತು. ಆತನ ನೆಂಟನೊಬ್ಬ, ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಜ್‌ಗೆ ಹೋದ ಮ್ಯಾಕ್ಸ್ ಪೆರುಟ್ಸ್, 1937ರಲ್ಲೇ ಆತನ ಮಾತು ಕೇಳಿ ಹಿಮೋಗ್ಲೋಬಿನ್ನಿನ ಬೆನ್ನು ಹತ್ತಿದ್ದ. ಕ್ಷಕಿರಣದಿಂದ ಅದರ ರೂಪ ಬಿಡಿಸಲು ಅವನಿಗೆ 22 ವರ್ಷ ಬೇಕಾಯಿತು. ನಡುವೆ ಯುದ್ಧ ಬಂದು ಶತ್ರುದೇಶದವನೆಂದು ಇಂಗ್ಲೆಂಡಿನವರು ಅವನನ್ನು ಹಿಡಿದು ಕೆನಡಾಕ್ಕೂ ಸಾಗಿಸಿದ್ದರು. 1959ರಲ್ಲಿ ರೂಪ ಸಿಕ್ಕಿತು, 1962ರಲ್ಲಿ ನೊಬೆಲ್ ಬಂತು. ಪ್ರಬಂಧ ಮೂರು ವರ್ಷದಲ್ಲಿ ಮುಗಿಯಲಿಲ್ಲವೆಂದು ಮುಖ ಸಣ್ಣ ಮಾಡುವ ನನ್ನ ಸಂಶೋಧನಾ ವಿದ್ಯಾರ್ಥಿಗಳಿಗೆ ಈ 22ರ ಅಂಕಿ ಹೇಳುವುದು ನನಗೆ ರೂಢಿ.

ಪೆರುಟ್ಸ್ ಕಂಡದ್ದು ನಾಲ್ಕು ತುಂಡು ಹೆಣೆದುಕೊಂಡ ಒಂದು ಉಂಡೆಯನ್ನು. ಅದಕ್ಕೆ ಎರಡು ಭಂಗಿ. ಬಿಗಿದ ಭಂಗಿಯಲ್ಲಿ ಆಮ್ಲಜನಕಕ್ಕೆ ಸುಲಭವಾಗಿ ಜಾಗ ಸಿಗದು. ಸಡಿಲ ಭಂಗಿಯಲ್ಲಿ ಸಲೀಸು. ಜಾತ್ರೆಯ ದಿನದ ಟ್ರ್ಯಾಕ್ಟರ್ ನೆನೆಸಿಕೊಳ್ಳಿ. ಟ್ರೇಲರಿನ ಮೇಲೆ ಮೊದಲನೆಯವನು ಏದುಸಿರು ಬಿಟ್ಟು ಹತ್ತುತ್ತಾನೆ. ಹತ್ತಿದವನು ಕೈ ಕೊಟ್ಟು ಎರಡನೆಯವನನ್ನು ಎಳೆದುಕೊಳ್ಳುತ್ತಾನೆ. ನಾಲ್ಕನೆಯವನಿಗೆ ಕಷ್ಟವೇ ಇಲ್ಲ. ಇಳಿಯುವಾಗಲೂ ಹಾಗೆಯೇ: ಒಬ್ಬ ಜಿಗಿದರೆ ಉಳಿದವರೂ ಸಾಲಾಗಿ ಇಳಿಯುತ್ತಾರೆ. ಒಂದೇ ಆಸನದ ಅಣುವಿಗೆ ಈ ಆಟ ಬರುವುದಿಲ್ಲ. ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಅಂಥದ್ದು, ಹಿಡಿದರೆ ಬಿಡುವುದು ನಿಧಾನ.

ಇನ್ನು ಕೋಪನ್‌ಹೇಗನ್‌ಗೆ ಹೋಗಬೇಕು. ನಮ್ಮ ವಿಷಯಕ್ಕೆ ಆ ಊರು ಎರಡು ಸಲ ಬರುತ್ತದೆ, ಮೊದಲನೆಯದು 1904ರಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಕ್ರಿಶ್ಚಿಯನ್ ಬೋರ್, ಜೊತೆಗೆ ಕಾರ್ಲ್ ಹಾಸೆಲ್‌ಬಾಲ್ಕ್, ಜೊತೆಗೆ ಉಪಕರಣ ಕಟ್ಟುವುದರಲ್ಲಿ ಪಳಗಿದ ಎಳೆಯ ಆಗಸ್ಟ್ ಕ್ರೋಗ್. ಬೋರ್ ಎಂದೊಡನೆ ನಿಮಗೆ ಪರಮಾಣುವಿನ ನೀಲ್ಸ್ ಬೋರ್ ನೆನಪಾದರೆ ತಪ್ಪಿಲ್ಲ, ಇವನು ಅವನ ಅಪ್ಪ. ಈ ಮೂವರು ನಾಯಿಯ ನೆತ್ತರಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಬೇರೆಬೇರೆ ಒತ್ತಡದಲ್ಲಿ ಬೆರೆಸಿ, ಪ್ರತಿ ಸಲ ಅದು ಎಷ್ಟು ಆಮ್ಲಜನಕ ಹಿಡಿಯುತ್ತದೆಂದು ಅಳೆದರು. ಡೈಆಕ್ಸೈಡ್ ಹೆಚ್ಚಿದಷ್ಟೂ ಹಿಡಿತ ಸಡಿಲವಾಯಿತು.

ಇದರ ಅರ್ಥ ನೋಡಿ. ದುಡಿಯುವ ಸ್ನಾಯು ಡೈಆಕ್ಸೈಡ್ ಉಗುಳುತ್ತದೆ, ಆಮ್ಲ ಉಗುಳುತ್ತದೆ, ಬಿಸಿಯಾಗುತ್ತದೆ. ಮೂರೂ ಹಿಮೋಗ್ಲೋಬಿನ್ನಿನ ಕೈ ಸಡಿಲಿಸುತ್ತವೆ. ಎಲ್ಲಿ ಹೊಗೆ ಹೆಚ್ಚೋ ಅಲ್ಲಿ ಒಲೆ ಜೋರಾಗಿ ಉರಿಯುತ್ತಿದೆ, ಅಲ್ಲೇ ಸೌದೆ ಇಳಿಸಬೇಕು. ಯಾವ ನರವೂ ಹೇಳಿಕಳುಹಿಸಬೇಕಿಲ್ಲ. ಬೇಡಿಕೆಯ ಚೀಟಿ ಕಸದ ರೂಪದಲ್ಲೇ ಬರುತ್ತದೆ. ಇದನ್ನು ಬೋರ್ ಪರಿಣಾಮ ಎನ್ನುತ್ತೇವೆ. ನಾನು ಪಾಠ ಹೇಳಿದ ಅಷ್ಟು ವರ್ಷದಲ್ಲಿ ಇದನ್ನು ಹೇಳುವಾಗ ಒಮ್ಮೆಯೂ ನನಗೆ ಬೇಸರ ಬಂದಿಲ್ಲ.

ಅದೇ ಬೋರ್ ಇನ್ನೊಂದು ವಿಷಯದಲ್ಲಿ ಪೂರಾ ಎಡವಿದ. ಶ್ವಾಸಕೋಶ ಒಂದು ಗ್ರಂಥಿಯಂತೆ ಆಮ್ಲಜನಕವನ್ನು ತಾನಾಗಿ ನೆತ್ತರಿಗೆ ಸ್ರವಿಸುತ್ತದೆ ಎಂದು ಅವನು ನಂಬಿದ್ದ. ಶಿಷ್ಯ ಕ್ರೋಗ್‌ಗೂ ವೈದ್ಯೆಯಾಗಿದ್ದ ಅವನ ಹೆಂಡತಿ ಮೇರಿ ಕ್ರೋಗ್‌ಗೂ ಅನುಮಾನ ಬಂತು. ಚಿಕ್ಕದೊಂದು ಗಾಳಿಗುಳ್ಳೆಯನ್ನು ಹರಿಯುವ ನೆತ್ತರಿನ ಜೊತೆ ಸಮಸ್ಥಿತಿಗೆ ತಂದು ಅಳೆಯುವ ಉಪಕರಣ ಮಾಡಿದರು. ಪ್ರತಿ ಸಲವೂ ಗಾಳಿಗೂಡಿನ ಒತ್ತಡವೇ ನೆತ್ತರಿಗಿಂತ ತುಸು ಹೆಚ್ಚು. ಅಂದರೆ ಆಮ್ಲಜನಕ ಇಳಿಜಾರಿನಲ್ಲಿ ಹರಿಯುವ ನೀರಿನಂತೆ ತಾನೇ ಹರಿದುಬರುತ್ತದೆ, ಯಾರೂ ತಳ್ಳುವುದಿಲ್ಲ. 1910ರಲ್ಲಿ ಒಟ್ಟಿಗೆ ಏಳು ಲೇಖನ ಅಚ್ಚಾದವು. ತಮ್ಮೊಳಗೆ ಅವರು ಅವನ್ನು ಏಳು ಮರಿಪಿಶಾಚಿಗಳು ಎಂದು ಕರೆಯುತ್ತಿದ್ದರಂತೆ. ಗುರು ಮರುವರ್ಷವೇ ತೀರಿಕೊಂಡ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮಾತ್ರ ಸ್ರವಿಸುವ ವಾದವನ್ನು 1936ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1920ರಲ್ಲಿ ಆರು ದಿನ ಗಾಜಿನ ಪೆಟ್ಟಿಗೆಯಲ್ಲಿ ತೆಳು ಗಾಳಿ ಉಸಿರಾಡುತ್ತ ಕೂತು, ಕೈಯ ಅಪಧಮನಿ ಕೊಯ್ಯಿಸಿಕೊಂಡು ನೆತ್ತರು ಕೊಟ್ಟು, ಕ್ರೋಗ್ ದಂಪತಿ ಹೇಳಿದ್ದೇ ಸರಿಯೆಂದು ತೋರಿಸಿದ್ದ. ಹಾಲ್ಡೇನ್ ಒಪ್ಪಲಿಲ್ಲ. ಹಿಮೋಗ್ಲೋಬಿನ್ನಿಗೆ ಬಿಡಲು ಬರುತ್ತದೆ, ಪ್ರೊಫೆಸರರಿಗೆ ಬರುವುದಿಲ್ಲ.

ಹಾಲ್ಡೇನ್‌ನನ್ನು ಆಡಿಕೊಂಡು ಹೋಗಿಬಿಡುವುದು ಅನ್ಯಾಯ. ಬಿಡದೆ ಹಿಡಿದುಕೊಂಡರೆ ಏನಾಗುತ್ತದೆಂದು ನಮಗೆ ಕಲಿಸಿದವನೇ ಅವನು. ಅರೆಬೆಂದ ಇದ್ದಿಲಿನಿಂದ, ಗಾಳಿ ಸಾಲದೆ ಉರಿಯುವ ಗ್ಯಾಸ್ ಗೀಸರಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿನ ಅದೇ ಕಬ್ಬಿಣದ ಮೇಲೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕೂರುತ್ತದೆ. ಹಾಲ್ಡೇನ್ 1895ರಲ್ಲಿ ತಾನೇ ಅದನ್ನು ಉಸಿರಾಡುತ್ತ, ತನ್ನ ಹಿಮೋಗ್ಲೋಬಿನ್ ಅರ್ಧಕ್ಕಿಂತ ಹೆಚ್ಚು ಕಟ್ಟಿಹೋಗುವವರೆಗೂ ಕೂತು ಟಿಪ್ಪಣಿ ಬರೆದ. ಮರುವರ್ಷ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾದಾಗ ಹೆಣಗಳ ಕೆನ್ನೆ ಗುಲಾಬಿ ಬಣ್ಣವಿದ್ದದ್ದನ್ನು ಗಮನಿಸಿ, ಹೆಚ್ಚಿನವರು ಸತ್ತದ್ದು ಸ್ಫೋಟಕ್ಕಲ್ಲ, ಆಮೇಲಿನ ಈ ಅನಿಲಕ್ಕೆ ಎಂದು ಹೇಳಿದ. ಗಣಿಗೆ ಚಿಕ್ಕ ಹಕ್ಕಿಗಳನ್ನು ಒಯ್ಯಿರಿ, ಅವು ಮೊದಲು ತೂರಾಡಿ ನಿಮ್ಮನ್ನು ಎಚ್ಚರಿಸುತ್ತವೆ ಎಂದವನೂ ಅವನೇ. (ಅವನ ಮಗ ಜೆ. ಬಿ. ಎಸ್. ಹಾಲ್ಡೇನ್ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು.)

ಮಾನಾಕ್ಸೈಡಿನ ಕೇಡು ಎರಡು ಬಗೆಯದು. ಅಣುವಿನ ನಾಲ್ಕು ಆಸನಗಳಲ್ಲಿ, ಎರಡು ಎನ್ನೋಣ, ತಾನು ಹಿಡಿದುಕೊಂಡದ್ದು ಒಂದು. ಅದು ಕೂತ ಅಣು ಸಡಿಲ ಭಂಗಿಯಲ್ಲೇ ನಿಂತುಬಿಡುವುದರಿಂದ ಉಳಿದ ಎರಡು ಆಸನದ ಆಮ್ಲಜನಕವೂ ಇಳಿಯುವುದಿಲ್ಲ, ಅದು ಇನ್ನೊಂದು. ಬಸ್ಸು ತುಂಬಿದೆ, ಊರು ಬಂದಿದೆ, ಬಾಗಿಲು ತೆರೆಯುತ್ತಿಲ್ಲ. ಕೆನ್ನೆ ಕೆಂಪಗಿರುತ್ತದೆ, ಬೆರಳಿನ ಆಕ್ಸಿಮೀಟರು ಇದನ್ನೂ ಆಮ್ಲಜನಕವೆಂದೇ ಎಣಿಸಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಅದಕ್ಕೇ ಬಾತ್‌ರೂಮಿನ ಬಾಗಿಲು ಒಡೆದು ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಹಿಡಿತ ಬೇಕಾದಂತೆ ಹೆಚ್ಚುಕಡಿಮೆಯಾಗುವ ಇನ್ನೂ ಒಂದು ಏರ್ಪಾಟಿದೆ. ಕೆಂಪು ಕಣದೊಳಗೆ ಸಕ್ಕರೆ ಒಡೆಯುವಾಗ 2,3-ಬಿಪಿಜಿ ಎಂಬ ಚಿಕ್ಕ ವಸ್ತು ಹುಟ್ಟುತ್ತದೆ. ಹಿಮೋಗ್ಲೋಬಿನ್ನಿನ ನಡುವಿನ ಪೊಳ್ಳಿನಲ್ಲಿ ಬೆಣೆಯಂತೆ ಕೂತು ಅದು ಬಿಗಿದ ಭಂಗಿಯನ್ನು ಭದ್ರ ಮಾಡುತ್ತದೆ, ಅಂದರೆ ಆಮ್ಲಜನಕವನ್ನು ಹೊರದಬ್ಬುತ್ತದೆ. 1967ರಲ್ಲಿ ರೈನ್‌ಹೋಲ್ಡ್ ಮತ್ತು ರೂತ್ ಬೆನೆಷ್ ದಂಪತಿ ಇದನ್ನು ತೋರಿಸಿದರು. ಎತ್ತರದ ಊರಲ್ಲಿ ಇದು ಹೆಚ್ಚುತ್ತದೆ, ನೆತ್ತರು ಕಡಿಮೆಯಾದವರಲ್ಲೂ ಹೆಚ್ಚುತ್ತದೆ. ಗರ್ಭದಲ್ಲಿರುವ ಕೂಸಿನ ಹಿಮೋಗ್ಲೋಬಿನ್ನಿಗೆ ಈ ಬೆಣೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅದರ ಹಿಡಿತ ತಾಯಿಯದಕ್ಕಿಂತ ಬಿಗಿ, ಮಾಸಿನಲ್ಲಿ ತಾಯಿಯ ನೆತ್ತರು ಬಿಟ್ಟದ್ದನ್ನು ಕೂಸಿನ ನೆತ್ತರು ಕಸಿದುಕೊಳ್ಳುತ್ತದೆ.

ಬಿಗಿ ಹಿಡಿತದ ಇನ್ನೊಂದು ಉದಾಹರಣೆ ನಮ್ಮ ಚಿಗವ್ವನ ಊರಿನ ಹತ್ತಿರವೇ ಸಿಗುತ್ತದೆ, ಮಾಗಡಿ ಕೆರೆಯಲ್ಲಿ. ಚಳಿಗಾಲಕ್ಕೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆಯೂ ಬಂತು. ರಾತ್ರಿ ಹೊಲಕ್ಕೆ ನುಗ್ಗುವ ಅವನ್ನು ಹುಡುಗರಾಗಿದ್ದಾಗ ನಾವು ಡಬ್ಬ ಬಡಿದು ಓಡಿಸುತ್ತಿದ್ದೆವು. ಅವು ಹಿಮಾಲಯ ದಾಟಿ ಬಂದವು ಎಂದು ಆಗ ಗೊತ್ತಿರಲಿಲ್ಲ. 7,000 ಮೀಟರಿಗೂ ಮೇಲೆ ಈ ಹಕ್ಕಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿಯ ಒತ್ತಡ ಇಲ್ಲಿಯ ಅರ್ಧಕ್ಕಿಂತ ಕಡಿಮೆ. ಅವುಗಳ ಹಿಮೋಗ್ಲೋಬಿನ್ನಿನ ಸರಪಣಿಯಲ್ಲಿ ಒಂದು ಮುಖ್ಯ ಕೊಂಡಿ ಬದಲಾಗಿ ಬಿಗಿದ ಭಂಗಿ ಸಡಿಲಗೊಂಡಿದೆ, ತೆಳು ಗಾಳಿಯಿಂದಲೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗೆ ಬಿಗಿ ಹಿಡಿದ ಮೇಲೆ ಬಿಡುವ ಕಷ್ಟ ಇದ್ದೇ ಇದೆ. ಅದಕ್ಕೆ ಅವುಗಳ ಹಾರುವ ಸ್ನಾಯುವಿನಲ್ಲಿ ಲೋಮನಾಳಗಳ ಬಲೆ ಬೇರೆ ಬಾತುಗಳಿಗಿಂತ ಒತ್ತಾಗಿ ಹೆಣೆದಿದೆ.

ಇಷ್ಟು ಹೊತ್ತು ಹೋಗುವ ಹೊರೆಯ ಮಾತಾಯಿತು. ಮರಳುವ ಹೊರೆಯ ಮಾತು ನನಗೆ ಇನ್ನೂ ಇಷ್ಟ, ವಿದ್ಯಾರ್ಥಿಗಳಿಗೆ ಇನ್ನೂ ಕಷ್ಟ.

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಆಮ್ಲಜನಕಕ್ಕಿಂತ 20 ಪಟ್ಟಿಗೂ ಹೆಚ್ಚು ಕರಗುತ್ತದೆ, ಸೋಡಾ ಆಗುವುದೇ ಅದರಿಂದ. ಆದರೂ ನೆತ್ತರಿನಲ್ಲಿ ಕರಗಿಯೇ ಹೋಗುವುದು ಹತ್ತನೆಯ ಒಂದು ಪಾಲಿನಷ್ಟು. ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಹೋಗುತ್ತದೆ. ಅದು ಕೂರುವುದು ಕಬ್ಬಿಣದ ಮೇಲಲ್ಲ, ಪ್ರೋಟೀನಿನ ತುದಿಯಲ್ಲಿ, ಹಾಗಾಗಿ ಆಸನಕ್ಕೆ ಜಗಳವಿಲ್ಲ. ಉಳಿದದ್ದು, ನೂರಕ್ಕೆ ಸುಮಾರು 70 ಪಾಲು, ವೇಷ ಬದಲಿಸಿ ಹೋಗುತ್ತದೆ. ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ, ಅದು ಒಡೆದು ಬೈಕಾರ್ಬನೇಟ್: ಅಡುಗೆ ಸೋಡಾದಲ್ಲಿ ಇರುವುದೂ ಅದೇ.

ಈ ವೇಷ ಬದಲಿಸುವುದು ತಾನಾಗಿ ನಡೆಯಲಿ ಎಂದು ಬಿಟ್ಟರೆ ಹಲವು ಸೆಕೆಂಡು ಹಿಡಿಯುತ್ತದೆ. ನೆತ್ತರು ಶ್ವಾಸಕೋಶದ ಲೋಮನಾಳದಲ್ಲಿ ಇರುವುದು ಮುಕ್ಕಾಲು ಸೆಕೆಂಡು. ಅಷ್ಟರೊಳಗೆ ಬೈಕಾರ್ಬನೇಟ್ ಮತ್ತೆ ಅನಿಲವಾಗಿ ಹೊರಬೀಳಬೇಕು. ಲೆಕ್ಕ ಕೂಡುತ್ತಿಲ್ಲವೆಂಬ ಈ ತಕರಾರಿನಿಂದಲೇ ಕೇಂಬ್ರಿಜ್‌ನ ಮೆಲ್ಡ್ರಮ್ ಮತ್ತು ರಫ್ಟನ್ 1930ರ ದಶಕದ ಮೊದಲಲ್ಲಿ ಕೆಂಪು ಕಣದೊಳಗೆ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. ಅದರ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸಿನಷ್ಟು ಅಣುಗಳ ವೇಷ ಬದಲಿಸಬಲ್ಲದು. ಹುಟ್ಟಿದ ಬೈಕಾರ್ಬನೇಟ್ ಕಣದಿಂದ ಹೊರಗೆ ಪ್ಲಾಸ್ಮಾಕ್ಕೆ ಹೋಗುತ್ತದೆ, ಅದರ ಬದಲಿಗೆ ಉಪ್ಪಿನ ಕ್ಲೋರೈಡ್ ಒಳಗೆ ಬರುತ್ತದೆ. ಜೊತೆಗೆ ಹುಟ್ಟಿದ ಆಮ್ಲದ ಅಂಶವನ್ನು ಯಾರು ಹೊರಬೇಕು? ಆಗಷ್ಟೇ ಆಮ್ಲಜನಕ ಇಳಿಸಿ ಕೈ ಖಾಲಿ ಮಾಡಿಕೊಂಡ ಹಿಮೋಗ್ಲೋಬಿನ್. ಆಮ್ಲ ಹಿಡಿದಂತೆ ಅದು ಆಮ್ಲಜನಕ ಬಿಡುತ್ತದೆ, ಆಮ್ಲಜನಕ ಬಿಟ್ಟಂತೆ ಆಮ್ಲ ಹಿಡಿಯುತ್ತದೆ. ಎದೆಗೆ ಬಂದಾಗ ಉಲ್ಟಾ. ಆಮ್ಲಜನಕ ಬಿಟ್ಟ ನೆತ್ತರು ಡೈಆಕ್ಸೈಡನ್ನು ಹೆಚ್ಚು ಹೊರುವ ಈ ಎರಡನೆಯ ಮುಖವನ್ನು 1914ರಲ್ಲಿ ತೋರಿಸಿದವರು ಕ್ರಿಶ್ಚಿಯನ್ಸನ್, ಡಗ್ಲಸ್ ಮತ್ತು ಅದೇ ಹಟಮಾರಿ ಹಾಲ್ಡೇನ್.

ಇಲ್ಲೊಂದು ವಿಚಿತ್ರವಿದೆ. 100 ಮಿಲಿಲೀಟರ್ ನೆತ್ತರು ಎದೆಗೆ ಬರುವಾಗ ಸುಮಾರು 52 ಮಿಲಿಲೀಟರ್ ಡೈಆಕ್ಸೈಡ್ ತರುತ್ತದೆ, ಹೋಗುವಾಗ 48 ವಾಪಸ್ ಒಯ್ಯುತ್ತದೆ. ಬಿಡುವುದು ನಾಲ್ಕೇ. ಕಸ ಎನ್ನುತ್ತೇವೆ, ಆದರೆ ಅದನ್ನೆಲ್ಲ ಚೆಲ್ಲಿದರೆ ನೆತ್ತರಿನ ಆಮ್ಲ-ಕ್ಷಾರದ ತೂಕವೇ ತಪ್ಪುತ್ತದೆ. ನಮ್ಮ ಉಸಿರಿನ ಕಡಿವಾಣವೂ ಡೈಆಕ್ಸೈಡಿನ ಕೈಯಲ್ಲೇ ಇದೆ: ಉಸಿರು ಬಿಗಿಹಿಡಿದಾಗ ಎದೆಯೊಳಗೆ ಏಳುವ ಸಂಕಟ ಆಮ್ಲಜನಕದ ಕೊರತೆಯದ್ದಲ್ಲ, ಡೈಆಕ್ಸೈಡ್ ಏರಿದ್ದರದ್ದು. ಪ್ರಾಣಾಯಾಮದಲ್ಲಿ ಕುಂಭಕ ಮಾಡುವವರು ಪಳಗಿಸುವುದು ಬಹುಪಾಲು ಈ ಸಂಕಟವನ್ನೇ. ನಮ್ಮ ಹಳಬರು ಮೈಯೆಲ್ಲ ಹರಡುವ ವಾಯುವಿಗೆ ವ್ಯಾನ ಎಂದು ಹೆಸರಿಟ್ಟಿದ್ದರು. ಹೆಸರು ಚೆನ್ನಾಗಿದೆ, ಆದರೆ ಅವರಿಗೆ ಹಿಮೋಗ್ಲೋಬಿನ್ ಗೊತ್ತಿತ್ತೆಂದು ಹೇಳಲು ನಾನು ತಯಾರಿಲ್ಲ. ಹಗೇವಿನ ವಿಷಯ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೆಲದೊಳಗಿನ ಕಣಜದಲ್ಲಿ ಜೋಳವೂ ಉಸಿರಾಡುತ್ತದೆ, ಆಮ್ಲಜನಕ ತಿಂದು ಡೈಆಕ್ಸೈಡ್ ತುಂಬಿಸುತ್ತದೆ. ನಮ್ಮ ಅಜ್ಜ ಬಾಯಿಯ ಕಲ್ಲು ಸರಿಸಿ ಅರ್ಧ ದಿನ ಬಿಟ್ಟು, ಕಂದೀಲು ಇಳಿಸಿ ನೋಡಿ, ಅದು ಉರಿಯುತ್ತಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದ.

ಈಗ ಎರಡನೆಯ ಸಲ ಕೋಪನ್‌ಹೇಗನ್. 1952ರಲ್ಲಿ ಅಲ್ಲಿ ಪೋಲಿಯೋ ಎದ್ದಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯು ಬಿದ್ದುಹೋದ ಮಕ್ಕಳು ದಿನವೂ ಬರುತ್ತಿದ್ದರು. ಮೊದಲ ವಾರಗಳಲ್ಲಿ ಅಂಥ 31 ರೋಗಿಗಳಲ್ಲಿ 27 ಜನ ಸತ್ತರು. ಪರೀಕ್ಷೆಯಲ್ಲಿ ಅವರ ನೆತ್ತರಿನಲ್ಲಿ ಬೈಕಾರ್ಬನೇಟ್ ಬಹಳ ಹೆಚ್ಚಿರುವುದು ಕಂಡಿತ್ತು. ಕ್ಷಾರ ಹೆಚ್ಚಾಗಿದೆ, ಇದು ಬೇರೇನೋ ರೋಗ ಎಂದು ವೈದ್ಯರು ತಿಳಿದರು. ಆಮ್ಲಜನಕ ಕೊಟ್ಟಿದ್ದರಿಂದ ಮೈಬಣ್ಣವೂ ಕೆಟ್ಟಿರಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್‌ನನ್ನು ಕರೆಸಿದಾಗ ಅವನು ಅದೇ ವರದಿಯನ್ನು ಬೇರೆ ರೀತಿ ಓದಿದ: ಇದು ಕ್ಷಾರವಲ್ಲ, ಹೊರಹೋಗದೆ ಕಟ್ಟಿಕೊಂಡ ಡೈಆಕ್ಸೈಡ್; ಮಕ್ಕಳು ಸಾಯುತ್ತಿರುವುದು ಗಾಳಿ ಬಿಡಲಾರದೆ. ಆಗಸ್ಟ್ 27ರಂದು ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ತೂತು ಮಾಡಿಸಿ, ನಳಿಕೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಉಸಿರಾಡಿಸಿದ. ಅವಳು ಬದುಕಿದಳು. ಎಲ್ಲರಿಗೂ ಸಾಲುವಷ್ಟು ಉಸಿರಾಟದ ಯಂತ್ರಗಳಿರಲಿಲ್ಲ. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಹಾಸಿಗೆಯ ಪಕ್ಕ ಕೂತು ಹಗಲೂ ರಾತ್ರಿ ಚೀಲ ಒತ್ತಿದರು, ಒಂದೊಂದು ಹೊತ್ತಿನಲ್ಲಿ 70 ರೋಗಿಗಳಿಗೆ. ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಐಸಿಯು ಹುಟ್ಟಿದ್ದು ಆ ವಾರ್ಡಿನಲ್ಲಿ. ನೆತ್ತರಿನ ವರದಿಯಲ್ಲಿದ್ದ ಅಂಕಿ ಮೊದಲೂ ಅದೇ, ಆಮೇಲೂ ಅದೇ. ಅದು ಯಾವುದರ ಅಂಕಿ ಎಂದು ಕೇಳಿದವನು ಒಬ್ಬ.

ಚಿಗವ್ವನ 98ಕ್ಕೂ ಅದೇ ಪ್ರಶ್ನೆ ಕೇಳಬೇಕು. ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದ ಆಕ್ಸಿಮೀಟರಿನ ಈ ಉಪಾಯ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ, ಒಂದು ಕೆಂಪು, ಒಂದು ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಒಂದನ್ನು ಹೆಚ್ಚು ಹೀರುತ್ತದೆ, ಬಿಟ್ಟದ್ದು ಇನ್ನೊಂದನ್ನು. ನಾಡಿ ಬಡಿದಾಗ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅಪಧಮನಿಯ ನೆತ್ತರಿನ ಸುದ್ದಿ ಸಿಗುತ್ತದೆ. ಅವೊಯಾಗಿ 2020ರ ಏಪ್ರಿಲಿನಲ್ಲಿ, ಲೋಕದ ಬೆರಳೆಲ್ಲ ಅವನ ಯಂತ್ರದೊಳಗೆ ಹೊಕ್ಕಿದ್ದ ಹೊತ್ತಿನಲ್ಲಿ, ತೀರಿಕೊಂಡ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಸಂಗತಿ ಪ್ರಕಟಿಸಿದರು: ಕಪ್ಪು ಚರ್ಮದವರಲ್ಲಿ ಈ ಯಂತ್ರ ಆಮ್ಲಜನಕದ ಕೊರತೆಯನ್ನು ಕಾಣದೆ ಬಿಡುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ನಮ್ಮ ಮೈಬಣ್ಣದವರು ಇದನ್ನು ಮರೆಯಬಾರದು.

ಚಿಗವ್ವನ ವಿಷಯದಲ್ಲಿ ಯಂತ್ರ ತಪ್ಪಿರಲಿಲ್ಲ. ಅದು ಹೇಳುವುದು ಇದ್ದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ತುಂಬಿದೆ ಎಂದು. ಇರುವುದು ಎಷ್ಟು ಎಂದು ಅಲ್ಲ. ತಾಲೂಕಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನಾನು ಲೆಕ್ಕಕ್ಕೆ ಹಿಡಿದ 15ರ ಜಾಗದಲ್ಲಿ 5 ಗ್ರಾಂ ಬಂತು. ಎಲ್ಲ ಬಸ್ಸೂ ಭರ್ತಿ, ಆದರೆ ಮೂರರಲ್ಲಿ ಎರಡು ಬಸ್ಸು ರಸ್ತೆಗೇ ಇಳಿದಿಲ್ಲ. 20 ಮಿಲಿಲೀಟರ್ ಬದಲು ಏಳರೊಳಗೆ ಸಂಸಾರ ನಡೆದಿತ್ತು. ತುಟಿ ನೀಲಿಯಾಗದಿರುವುದಕ್ಕೂ ಕಾರಣ ಇದೇ: ನೀಲಿ ಕಾಣಬೇಕಾದರೆ ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ನೇ 5 ಗ್ರಾಂ ಬೇಕು. ಅಷ್ಟು ಅವಳ ಹತ್ತಿರ ಒಟ್ಟಾರೆಯೇ ಇತ್ತು. ವರ್ಷಗಟ್ಟಲೆ ಮೂಲವ್ಯಾಧಿಯಿಂದ ನೆತ್ತರು ಹೋಗುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಹೃದಯ ವೇಗ ಹೆಚ್ಚಿಸಿ, ಕಣಗಳು 2,3-ಬಿಪಿಜಿಯ ಬೆಣೆ ಹೆಚ್ಚಿಸಿ ಇದ್ದಷ್ಟನ್ನೂ ಧಾರಾಳವಾಗಿ ಬಿಟ್ಟುಕೊಟ್ಟು ಇಷ್ಟು ದಿನ ನಿಭಾಯಿಸಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ನೆತ್ತರು ಕಡಿಮೆ. ಇವರ ಬೆರಳಿಗೆ ಯಂತ್ರ ಸಿಕ್ಕಿಸಿದರೆ ಬಹುಪಾಲು 98, 99 ಎಂದೇ ಬರುತ್ತದೆ.

ಎರಡು ಚೀಲ ರಕ್ತ ನಿಧಾನವಾಗಿ ಕೊಟ್ಟರು. ಆ ಸಂಜೆ ಮಗ ಫೋನು ಮಾಡಿ, ದಮ್ಮು ಇನ್ನೂ ಅಷ್ಟೇನೂ ಇಳಿದಿಲ್ಲ ಎಂದ. ಶೇಖರಿಸಿಟ್ಟ ನೆತ್ತರಿನಲ್ಲಿ ಆ ಬೆಣೆ ಕರಗಿಹೋಗಿರುತ್ತದೆ. ಮೈಯೊಳಗೆ ಬಂದ ಮೇಲೆ ಅದು ಮತ್ತೆ ಹುಟ್ಟಿ, ಕಣಗಳು ಬಿಡುವುದನ್ನು ಮತ್ತೆ ಕಲಿಯಲು ಒಂದೆರಡು ದಿನ ಬೇಕು, ತಡೆ ಎಂದೆ. ನಾಲ್ಕನೆಯ ದಿನ ಅವನೇ ಮತ್ತೆ ಮಾಡಿದ. ಅವ್ವ ಹಿತ್ತಲಿಗೆ ಹೋಗಿ ಕಟ್ಟಿಗೆ ತಂದಳಂತೆ, ಬೈದರೂ ಕೇಳಲಿಲ್ಲವಂತೆ. ಮಶೀನು ಎಷ್ಟು ತೋರಿಸುತ್ತದೆ ಎಂದು ಕೇಳಿದೆ.

‘ಅದ ಐತಲ್ಲ ಅಣ್ಣಾ, 98.’